ರೈಲುಕಂಬಿಯ ಕೊನೆಯ ಪೆಟ್ಟು

ಅಪ್ಪಾ,

ಮೊದಲು ಕೂತ್ಕೋ. ಮಾತು ಹಿಡಿಸದಿದ್ದರೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಾಲೆ ಏರಿಯ ಕಡೆ ನಡೆದುಬಿಡುವ ಅಭ್ಯಾಸ ನಿನ್ನದು. ಈಗ ನೀನು ಎಲ್ಲಿಗೂ ಎದ್ದು ಹೋಗಲಾರೆ, ಅದಕ್ಕೇ ಧೈರ್ಯ ಮಾಡಿ ಹೇಳುತ್ತಿದ್ದೇನೆ. ನಾನು ತಮಟೆ ಹಿಡಿದೆ. ಮಂಡ್ಯದಲ್ಲಿ, ವೇದಿಕೆಯ ಮೇಲೆ, ಮೈಕಿನ ಮುಂದೆ. ಹೆಂಗಸರೇ ಸೇರಿ ನಡೆಸಿದ ಸಾಂಸ್ಕೃತಿಕ ಹಬ್ಬ ಅದು. ಹಾಡುವವರು, ಬಾರಿಸುವವರು, ಮೈಕು ನೋಡಿಕೊಳ್ಳುವವರು ಎಲ್ಲ ಹೆಂಗಸರೇ. "ಈ ಮನೆ ಕೈ ಇನ್ನು ಯಾರ ಬಾಗಿಲಲ್ಲೂ ಬಾರ್ಸಲ್ಲ" ಅಂದವನು ನೀನು. ಆ ಮಾತನ್ನು ನಾನು ಮುರಿದೆನೋ ಇಲ್ಲವೋ ನನಗೇ ತಿಳಿಯುತ್ತಿಲ್ಲ. ಪೂರ್ತಿ ಕೇಳಿ ನೀನೇ ಹೇಳು.

ಅಜ್ಜಿ ತೀರಿಕೊಂಡ ದಿನ ನನಗೆ ಮಸುಕಾಗಿ ನೆನಪಿದೆ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅದೇ ಬೆಳಿಗ್ಗೆ ಊರಿನ ದೊಡ್ಡಮನೆಯಲ್ಲೂ ಒಂದು ಸಾವಾಗಿತ್ತು. ಅಲ್ಲಿಂದ ಬಂದ ಆಳು ಬೀದಿಯಲ್ಲೇ ನಿಂತು ಕೂಗಿದ: "ಲೇ ಸಿದ್ದ, ಮೊದ್ಲು ಅಲ್ಲಿ ಬಾರ್ಸಿಬುಟ್ಟು ಬಾರ್ಲಾ, ಆಮೇಲೆ ನಿಮ್ಮವ್ವನ್ನ ನೋಡ್ಕಳೀವಂತೆ." ನೀನು ಹೋಗಲಿಲ್ಲ. ಜಗಳವನ್ನೂ ಆಡಲಿಲ್ಲ. ಅಜ್ಜಿಯನ್ನು ಮಣ್ಣು ಮಾಡಿ ಬಂದವನೇ ಗೂಟದಲ್ಲಿದ್ದ ತಮಟೆ ಇಳಿಸಿ, ಕುಡುಗೋಲಿನಿಂದ ಚರ್ಮ ಕೊಯ್ದು ತೆಗೆದೆ. ಉಳಿದ ಕಬ್ಬಿಣದ ಬಳೆಯನ್ನು ಅವ್ವ ನೀರಿನ ಗುಡಾಣದ ಕೆಳಗೆ ಇಟ್ಟಳು. ಊರಿನ ಹೆಣಗಳ ಮುಂದೆ, ದೇವರ ಮುಂದೆ, ಮದುವೆಗಳ ಮುಂದೆ ಓಡಾಡಿದ್ದ ಬಳೆ ಆಮೇಲೆ ನಮ್ಮ ಗುಡಾಣ ಉರುಳದ ಹಾಗೆ ನೋಡಿಕೊಂಡು ಕೂತಿತು. ಮನೆಗೆ ಬುದ್ಧನ ಫೋಟೊ ಬಂತು. ನಿನಗೆ ಏರಿ ಆಚೆಯ ಹೈಸ್ಕೂಲಿನಲ್ಲಿ ಜವಾನನ ಕೆಲಸ ಸಿಕ್ಕಿತು.

ನೀನು ಬೆಲ್ ಹೊಡೆಯುವುದನ್ನು ಹತ್ತಿರದಿಂದ ನೋಡಿದ್ದು ನಾನು ಅದೇ ಸ್ಕೂಲಿಗೆ ಸೇರಿದ ಮೇಲೆ. ಹೊಂಗೆಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡು, ನಿನ್ನ ಕೈಯಲ್ಲಿ ಒಂದು ಕಬ್ಬಿಣದ ಸರಳು. ಪೀರಿಯಡ್ಡಿಗೆ ಎಲ್ಲ ಸ್ಕೂಲಿನ ಹಾಗೆ ಒಂದೋ ಎರಡೋ ಪೆಟ್ಟು. ಸಾಯಂಕಾಲ ಸ್ಕೂಲು ಬಿಡುವ ಬೆಲ್ ಮಾತ್ರ ಬೇರೆ. ನಿಧಾನವಾಗಿ ಶುರುವಾಗಿ, ಜೋಡಿಜೋಡಿಯಾಗಿ ಬಿದ್ದು, ಓಡಿ ಓಡಿ, ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ನಾವೆಲ್ಲ ಬ್ಯಾಗು ಹೆಗಲಿಗೇರಿಸಿ, ಬೆಂಚು ಬಿಟ್ಟೆದ್ದು, ಉಸಿರು ಹಿಡಿದು ನಿಂತಿರುತ್ತಿದ್ದೆವು. ಆಮೇಲೆ ಒಂದೇ ಒಂದು ಪೆಟ್ಟು. ಅದು ಬಿದ್ದ ಮೇಲೇ ಓಟ. "ಏನಯ್ಯಾ, ಬೆಲ್ ಹೊಡಿ ಅಂದ್ರೆ ಮೆರವಣಿಗೆ ಹೊರಡಿಸ್ತೀಯಲ್ಲ" ಅಂತ ಹೆಡ್ಮಾಸ್ಟರು ಬೈದರೆ, "ಕೈ ತಾನೇ ಓಯ್ತದೆ ಸಾ" ಅಂದಿದ್ದೆ. ಕೊನೆಯ ಪೆಟ್ಟು ಯಾಕೆ ಅಂತ ನಾನು ಕೇಳಿದ್ದಕ್ಕೆ, "ಚೀಲ ಮರ್ತೋರು ಇರ್ತಾರಲ್ಲ ಮಗಾ, ಅವ್ರಿಗೆ" ಅಂದೆ. ಅದು ನಿಜವೋ, ಸುಮ್ಮನೆ ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ, ಇವತ್ತಿಗೂ ನನಗೆ ಅನುಮಾನ.

ಅನುಮಾನ ನೀನು ನನಗೆ ಬಿಟ್ಟುಹೋದ ಆಸ್ತಿ. ಗೆಳತಿಯ ಅಕ್ಕನ ಮದುವೆಗೆ ಹೊರಟಿದ್ದ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದೆ: "ಊಟ ಎಲ್ಲಿ ಆಕ್ತಾರಂತೆ?" ನನಗೇನು ಗೊತ್ತು, ಮದುವೆ ಮನೆಯಲ್ಲಿ ಅಂದೆ. "ಕರ್ದುದ್ದ ನೋಡ್ಬ್ಯಾಡ ಮಗಾ. ಎಲ್ಲಿ ಕೂರ್ಸಿ ಇಕ್ತಾರೆ, ಉಂಡಿದ್ದ ಯಾರು ಎತ್ತಾರೆ, ಅದ ನೋಡು." ಆ ಮದುವೆಯಲ್ಲಿ ನನ್ನನ್ನು ಹಿತ್ತಿಲಲ್ಲಿ ಕೂರಿಸಿ ಬಡಿಸಿದರು. ಎಲೆ ನೀನೇ ಎತ್ತಿ ಬಿಸಾಕಮ್ಮ ಅಂದರು. ಮನೆಗೆ ಬಂದು ನಾನು ನಿನಗೆ ಹೇಳಲಿಲ್ಲ. ಹೇಳದೆಯೂ ಗೊತ್ತಾಗಿತ್ತು ಅಲ್ಲವಾ? ಉಂಡು ಬಂದವಳಿಗೆ ಮತ್ತೆ ತಟ್ಟೆ ಇಟ್ಟು ಮುದ್ದೆ ಹಾಕಿದೆ, ಒಂದು ಮಾತೂ ಕೇಳದೆ.

ನೀನು ಹೋದ ದಿನ ಮಳವಳ್ಳಿ ಕಡೆಯಿಂದ ಸೋದರಮಾವ ತಮಟೆ ಹೊತ್ತುಕೊಂಡು ಬಂದ. ನಿನ್ನ ಮಾತಿದೆಯಲ್ಲ, ನಾನು ಬಾಗಿಲಲ್ಲೇ ತಡೆದೆ. ಮೇಣದಬತ್ತಿ ಹಚ್ಚಿದೆವು. ನಿನ್ನನ್ನು ಏರಿಯ ಮೇಲೆ ಹೊತ್ತು ಸಾಗಿದಾಗ ಕಾಲಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅದೇ ಸರಿ ಅಂತ ತಲೆ ಹೇಳುತ್ತಿತ್ತು. ಎದೆ ಮಾತ್ರ... ಬಿಡು. ಹೊರಡುವಾಗ ಮಾವ ಸಿಟ್ಟಿನಲ್ಲಿ ಅಂದ: "ಬಾರ್ಸಕ್ ಬರೋನು ಬಾರ್ಸಲ್ಲ ಅಂದ್ರೆ ಅದ್ಕೊಂದು ಬೆಲೆ ಕಣಮ್ಮ. ನಿಮ್ಮಪ್ಪಂಗೆ ಬತ್ತಿತ್ತು, ಬುಟ್ಟ. ನಿಂಗೆ ಬರಾದೇ ಇಲ್ವಲ್ಲ, ನೀನೇನ ಬುಟ್ಟಂಗಾಯ್ತು?" ಆ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಕಲಿಯೋಣ, ಕಲಿತ ಮೇಲೆ ಬಾರಿಸಲ್ಲ ಅಂತ ಹೇಳೋಣ ಅಂದುಕೊಂಡು ಭಾನುವಾರ ಭಾನುವಾರ ಮಳವಳ್ಳಿ ಬಸ್ಸು ಹತ್ತಿದೆ. ನಗಬೇಡ, ನಿಜವಾಗಿ ಹಾಗೇ ಅಂದುಕೊಂಡಿದ್ದೆ.

ಸೋಮನಹಳ್ಳಿ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮೆಷಿನ್ನಿನ ಜಯಮ್ಮ ಗೊತ್ತಲ್ಲ, ಬಸರಾಳು ಕಡೆಯವಳು, ನಿನ್ನ ತಿಥಿಗೂ ಬಂದಿದ್ದಳು. ಟೀ ಬಿಡುವಿನಲ್ಲಿ ನನ್ನ ಬೆರಳು ಮೇಜಿನ ಮೇಲೆ ಆಡುವುದನ್ನು ಕಂಡು, "ಏನೇ ಅದು, ನಂಗೂ ಹೇಳ್ಕೊಡೆ" ಅಂತ ಹಿಡಿದಳು. ಆಮೇಲೆ ಇನ್ನೂ ಮೂವರು ಸೇರಿದರು. ಒಂದು ದಿನ ಗುಡಾಣದ ಕೆಳಗಿನ ಬಳೆಯನ್ನು ಕೊಡು ಅಂತ ಅವ್ವನನ್ನು ಕೇಳಿದೆ. ಅವ್ವ ನೀರೆಲ್ಲ ತೋಡಿ, ಗುಡಾಣವನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಒಳಗೆ ಹೋದಳು. ಬಳೆಗೆ ಹೊಸ ಚರ್ಮ ಬಿಗಿಸಿ ತಂದಾಗಲೂ ತಿರುಗಿ ನೋಡಲಿಲ್ಲ. ಅವತ್ತಿನಿಂದ ತಮಟೆಯ ಮಾತೆತ್ತಿದರೆ ಅವಳು ಎದ್ದು ಬೇರೆ ಕೆಲಸ ಹುಡುಕುತ್ತಿದ್ದಳು.

ನಮ್ಮ ಐವರ ಸುದ್ದಿ ಕೇಳಿ, ಹಬ್ಬಕ್ಕೆ ಕರೆಯಲು ರೂಪಾ ಮೇಡಂ ನಮ್ಮ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಮಂಡ್ಯದಲ್ಲಿ ಕಾಲೇಜು ಮೇಡಂ, ಈ ಹಬ್ಬ ನಡೆಸುವವರಲ್ಲಿ ಮುಖ್ಯ. ಕಾಟನ್ ಸೀರೆ, ದೊಡ್ಡ ಬೊಟ್ಟು, ಕಾರು ಬೀದಿಯ ಆ ತುದಿಯಲ್ಲೇ ನಿಲ್ಲಿಸಿ ನಡೆದು ಬಂದರು. ಯಾಕೆ ಅಲ್ಲಿ ನಿಲ್ಲಿಸಿದರು? ನಮ್ಮ ಬೀದಿ ಇಕ್ಕಟ್ಟು ಅಂತಲೋ, ಬೇರೆ ಏನಾದರೂ... ನೀರು ಕೊಟ್ಟೆ. ಕುಡಿಯುತ್ತಾರಾ ಅಂತ ಕಣ್ಣಿಟ್ಟು ಕೂತೆ. ಕುಡಿದರು. ಒಂದು ಹನಿ ಬಿಡದೆ ಪೂರ್ತಿ ಕುಡಿದರು. ನಾನು ನೋಡುತ್ತಿದ್ದೇನೆ ಅಂತಲೇ ಪೂರ್ತಿ ಕುಡಿದರೇನೋ ಅಂತ ಅದಕ್ಕೂ ಅನುಮಾನ. ಆಮೇಲೆ, "ನಿಮ್ಮ ತಂದೆ ಏನು ಮಾಡ್ತಿದ್ರು?" ಅಂದರು. ಈ ಪ್ರಶ್ನೆಯ ಬಾಲ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿಲ್ಲವಾ? ಯಾವೂರು, ಯಾವ ಬೀದಿ, ಯಾರ ಪೈಕಿ, ಎಲ್ಲ ಅದರ ಹಿಂದೆಯೇ ಬರುತ್ತವೆ. "ಕೆಲಸ ಮಾಡ್ತಿದ್ರು" ಅಂದೆ, ಅಷ್ಟೇ.

ಆಹ್ವಾನ ಪತ್ರಿಕೆ ಬಂದ ದಿನ ಜಯಮ್ಮನೇ ಜೋರಾಗಿ ಓದಿದಳು. ವೀಣೆ ನುಡಿಸುವವರ ಹೆಸರಿತ್ತು. ಗಿಟಾರಿನ ಹುಡುಗಿಯರ ಹೆಸರಿತ್ತು. ಸೋಬಾನೆ ಹೇಳುವ ಮುದುಕಿಯ ಹೆಸರೂ ಇತ್ತು. ನಮ್ಮದು ಬರೀ 'ತಮಟೆ ತಂಡ', ಅದೂ ಮೆರವಣಿಗೆಯ ಸಾಲಿನಲ್ಲಿ. ಕಂಡೆಯಾ ಅಪ್ಪ? ಮುಂದೆ ಬಾರಿಸಿಕೊಂಡು ದಾರಿ ಬಿಡಿಸಬೇಕು, ಹಿಂದೆ ಬಂದವರು ವೇದಿಕೆ ಹತ್ತಬೇಕು. ನಾನು ಫೋನು ಮಾಡಿ, ಮೆರವಣಿಗೆಯಲ್ಲಿ ನಾವು ನಡೆಯಲ್ಲ, ವೇದಿಕೆ ಇದ್ದರೆ ಬರುತ್ತೇವೆ, ಹೆಸರು ಹಾಕಿ ಅಂದೆ. ರೂಪಾ ಮೇಡಂ ತಕ್ಷಣ, "ತಪ್ಪಾಯ್ತು. ಹಾಕಿಸ್ತೀನಿ" ಅಂದರು. ಅಷ್ಟು ಬೇಗ ತಪ್ಪು ಒಪ್ಪಿಕೊಂಡದ್ದು ಯಾಕೆ ಅಂತ ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಊಟ ಎಲ್ಲಿ ಅಂತ ಕೇಳಲು ಮರೆತದ್ದೂ ಆಗಲೇ ನೆನಪಾಯಿತು.

ಮಂಡ್ಯದಲ್ಲಿ ಬಸ್ಸಿಳಿದಾಗ ನಮ್ಮನ್ನು ಹಿಂದಿನ ಗೇಟಿನಿಂದ ಬನ್ನಿ ಅಂದರು. ಮುಂದಿನ ಗೇಟಿನಲ್ಲಿ ಬಾಳೆಕಂದು, ರಂಗೋಲಿ. ನಮಗೆ ಹಿಂದಿನದು. "ವಾಪಸ್ ಹೋಗಣ ಬಾರೆ" ಅಂದೆ ಜಯಮ್ಮನಿಗೆ. "ಒಸಿ ತಡ್ಕಳೇ ನಮ್ಮವ್ವ, ನೋಡಣ" ಅಂದಳು. ಹೋಗಿ ನೋಡಿದರೆ ಹಿಂದಿನ ಅಂಗಳದಲ್ಲಿ ತೆಂಗಿನ ಗರಿ, ಕಡ್ಡಿಪೆಟ್ಟಿಗೆ ಎಲ್ಲ ಒಟ್ಟಿಟ್ಟಿದ್ದರು, ತಮಟೆ ಕಾಯಿಸಿಕೊಳ್ಳಲು. ಚರ್ಮ ಬಿಸಿಯಾಗದೆ ದನಿ ಬಿಡುವುದಿಲ್ಲ ಅಂತ ಅವರಿಗೆ ಯಾರು ಹೇಳಿದರೋ. ಗಿಟಾರಿನ ಹುಡುಗಿಯೊಬ್ಬಳು ಬಂದು ಬೆಂಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಇದನ್ಯಾಕೆ ಸುಡ್ತೀರ?" ಅಂದಳು. "ನಿನ್ನದಕ್ಕೆ ಕಿವಿ ತಿರುವ್ತೀಯಲ್ಲ, ಹಂಗೇ" ಅಂದೆ. ನಕ್ಕಳು. ಅವಳ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ, ಯಾಕೋ.

ಟೀ ಬಂದಾಗ ನಿನ್ನನ್ನು ನೆನೆದೆ. ನಿನ್ನ ಕಾಲದಲ್ಲಿ ನಮಗೆ ಬೇರೆ ಲೋಟ ಇರುತ್ತಿತ್ತು, ಟೀ ಅಂಗಡಿಯ ಸೂರಿಗೆ ಸಿಕ್ಕಿಸಿದ್ದು. ನೋಡಿದರೆ ಗೊತ್ತಾಗುತ್ತಿತ್ತು. ಈಗ ನಮಗೂ ಪೇಪರ್ ಲೋಟ, ವೀಣೆಯವರಿಗೂ ಪೇಪರ್ ಲೋಟ, ಉದ್ಘಾಟನೆಗೆ ಬಂದವರಿಗೂ ಅದೇ. ಕುಡಿದು ಎಲ್ಲರೂ ಒಂದೇ ಡಬ್ಬಕ್ಕೆ ಎಸೆದರು. ಇದರಲ್ಲಿ ಏನಂತ ಕಂಡುಹಿಡಿಯಲಿ ಹೇಳು? ನೀನು ಕಲಿಸಿದ ಪರೀಕ್ಷೆಯನ್ನು ಈ ಪೇಪರ್ ಲೋಟ ಕೆಡಿಸಿಬಿಟ್ಟಿದೆ.

ವೇದಿಕೆ ಹತ್ತಿದಾಗ ಸಾಯಂಕಾಲದ ಬಿಸಿಲು ಶಾಮಿಯಾನದ ಕೆಳಗಿನಿಂದ ಜನರ ಕಾಲ ಮೇಲೆ ಬಿದ್ದಿತ್ತು. ನಿರೂಪಕಿ ನಮ್ಮ ಐವರ ಹೆಸರನ್ನೂ ಓದಿದಳು. ಮಾವ ಕಲಿಸಿದ್ದನ್ನು ಬಾರಿಸಿದೆವು, ಕುಣಿದೆವು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಹೊರಡಬೇಕು ಅನ್ನುವಾಗ ಆ ನಿರೂಪಕಿ ಮೈಕು ಹಿಡಿದು ಹತ್ತಿರ ಬಂದಳು. "ಇದೇ ತಮಟೆಯಲ್ಲಿ ಸಾವಿನ ಹೊಡೆತ ಅಂತ ಒಂದಿದೆಯಂತೆ. ತುಂಬಾ ಪವರ್‌ಫುಲ್ ಅಂತೆ. ನಮಗೋಸ್ಕರ ಸ್ವಲ್ಪ ಬಾರಿಸಿ ತೋರಿಸ್ತೀರಾ ಅಕ್ಕಾ?" ಜನ ಮತ್ತೆ ಚಪ್ಪಾಳೆ ತಟ್ಟಿದರು.

ಅಪ್ಪಾ, ಇಷ್ಟಕ್ಕೇ ಕರೆದರಾ? ಬೀದಿಯಲ್ಲಿ ನಿಂತು ಕೂಗಿದ್ದ ಆ ಆಳು ಇವತ್ತು ಸೀರೆ ಉಟ್ಟು, ಅಕ್ಕಾ ಅಂತ ಕರೆದು, ಅದೇ ಮಾತು ಹೇಳುತ್ತಿದ್ದಾಳಾ? ಜಯಮ್ಮ ಕಿವಿಯಲ್ಲಿ, "ಒಂದೆರ್ಡು ನಿಮ್ಸ ತೋರ್ಸಿಬುಡನ ಕಣೇ, ಎಲ್ರೂ ನೋಡ್ತಾವ್ರೆ" ಅಂದಳು. ವೇದಿಕೆಯ ಪಕ್ಕದಲ್ಲಿದ್ದ ರೂಪಾ ಮೇಡಂ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು. ನಾಚಿಕೆಗೋ, ವಾಚು ನೋಡಿಕೊಳ್ಳಲೋ ನನಗೆ ಕಾಣಲಿಲ್ಲ. ನಾನು ಮೈಕಿಗೆ ಬಾಯಿ ಕೊಟ್ಟು ಹೇಳಿದೆ: "ಅದು ನಂಗೆ ಬತ್ತದೆ. ಬಾರ್ಸಲ್ಲ. ನಮ್ಮಪ್ಪ ಬುಟ್ಟಿದ್ದು ಅದು." ನಿರೂಪಕಿಯ ಮುಖದ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಿತ್ತು. ಮಾವನ ಮಾತು ಅವತ್ತಿಗೆ ತೀರಿತು ಅಂದುಕೊಂಡೆ. ಇಳಿದು ಹೋಗಬಹುದಿತ್ತು.

ಇಳಿಯಲಿಲ್ಲ. ನನ್ನ ಕೈ ಸುಮ್ಮನಿರಲಿಲ್ಲ. ಮಾವ ಕಲಿಸಿದ ಹೊಡೆತಗಳೆಲ್ಲ ಯಾರದೋ ದೇವರಿಗೆ, ಯಾರದೋ ಮದುವೆಗೆ ಸೇರಿದವು. ಯಾರಿಗೂ ಸೇರದ್ದು ನನಗೆ ಒಂದೇ ಗೊತ್ತಿತ್ತು, ಅದನ್ನು ಯಾವತ್ತೂ ತಮಟೆಯ ಮೇಲೆ ಬಾರಿಸಿರಲಿಲ್ಲ. ನಿಧಾನವಾಗಿ ಶುರು ಮಾಡಿದೆ. ಜೋಡಿಜೋಡಿಯಾಗಿ ಬಿತ್ತು. ಜಯಮ್ಮ ಬೆಪ್ಪಾಗಿ ನೋಡುತ್ತಿದ್ದಳು, ಅವಳಿಗೆ ಅದು ಗೊತ್ತಿಲ್ಲವಲ್ಲ. ಓಡಿಸಿದೆ, ಓಡಿಸಿದೆ, ಕಾದ ಚರ್ಮ ಕಂಬಿಯ ಹಾಗೇ ಕೂಗಿತು. ನೀನು ನಿಲ್ಲಿಸುವ ಕಡೆ ನಿಲ್ಲಿಸಿದೆ, ಬಾರಿಸುವ ಕಡ್ಡಿ ಎತ್ತಿಕೊಂಡೇ.

ಆಗ ಮೂರನೇ ಸಾಲಿನಲ್ಲಿ ನಾಲ್ಕು ಜನ ಹೆಂಗಸರು ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು. ನಾಲ್ಕೂ ಜನ, ಒಟ್ಟಿಗೆ. ನೋಡಿದೆಯಾ ಅಪ್ಪ, ಕೇಳಿದ್ದನ್ನು ಕೊಡದಿದ್ದರೆ ನಾವು ಇವರಿಗೆ ಇಷ್ಟೇ, ಎದ್ದು ಹೊರಟೇಬಿಟ್ಟರು ಅಂದುಕೊಂಡೆ. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಕೊನೆಯದನ್ನು ಹೊಡೆಯುವುದೇ ಬೇಡ, ಇವರಿಗೆ ಯಾಕೆ ಕೊಡಬೇಕು ಅಂತ ಕಡ್ಡಿ ಇಳಿಸುವುದರಲ್ಲಿದ್ದೆ. ಅಷ್ಟರಲ್ಲಿ ಆ ನಾಲ್ವರಲ್ಲಿ ಹಸಿರು ಸೀರೆಯ ದಪ್ಪನೆಯ ಹೆಂಗಸು ಕೂಗಿದಳು:

"ಒಡಿಯಮ್ಮಾ, ಇನ್ನೊಂದೈತೆ!"

ಇನ್ನೊಂದು ಇದೆ ಅಂತ ಅವಳಿಗೆ ಹೇಗೆ ಗೊತ್ತು? ಅದು ನನಗೆ ಹೊಳೆಯುವ ಮೊದಲೇ ಕೈ ಬಿತ್ತು. ಆ ಪೆಟ್ಟು ಬಿದ್ದದ್ದೇ ನಾಲ್ಕೂ ಜನ ಕುರ್ಚಿ ಸರಿಸಿಕೊಂಡು, ಆ ವಯಸ್ಸಿನಲ್ಲಿ, ಹುಡುಗಿಯರ ಹಾಗೆ ವೇದಿಕೆಯ ಕಡೆ ಓಡಿ ಬಂದರು. ನಾನು ಅಲ್ಲೇ, ಎಲ್ಲರ ಮುಂದೆ, ಅತ್ತುಬಿಟ್ಟೆ. ಮುಚ್ಚಿಡುವುದೇನು, ಬಿಕ್ಕಿ ಬಿಕ್ಕಿ ಅತ್ತೆ.

ಹಸಿರು ಸೀರೆಯವಳು ಮದ್ದೂರಿನ ಆಸ್ಪತ್ರೆಯಲ್ಲಿ ನರ್ಸು. ನಾಲ್ವರೂ ನನಗಿಂತ ಮುಂಚೆ ನಮ್ಮ ಸ್ಕೂಲಿನಲ್ಲಿ ಓದಿದವರು, ಹಬ್ಬ ನೋಡಲು ಜೊತೆಯಾಗಿ ಬಂದಿದ್ದರು. "ಬೆಲ್ ಸಿದ್ದಯ್ಯನ ಮಗಳಾ ನೀನು? ಯಾರೋ ರಟ್ಟೆ ಇಡ್ದು ಎಬ್ಬಿಸ್ದಂಗಾಯ್ತು ಕಣಮ್ಮ, ಬ್ಯಾಗು ಯಾವಾಗ ಹೆಗಲಿಗೆ ಬಂತೋ ಗೊತ್ತಿಲ್ಲ" ಅಂತ ನನ್ನ ಕೈ ಹಿಡಿದುಕೊಂಡೇ ನಿಂತಳು. ಕೇಳಿಸಿತಾ? ಬೆಲ್ ಸಿದ್ದಯ್ಯ. ಊರಲ್ಲಿ ನೀನು ಸಾಯುವವರೆಗೂ ತಮಟೆ ಸಿದ್ದನೇ ಆಗಿದ್ದೆ. ಏರಿಯ ಆಚೆ ಇನ್ನೊಂದು ಹೆಸರು ಸಂಪಾದಿಸಿದ್ದೆ, ನಮಗ್ಯಾರಿಗೂ ಹೇಳಲಿಲ್ಲ. ನಿನಗೇ ಗೊತ್ತಿತ್ತೋ ಇಲ್ಲವೋ.

ರೂಪಾ ಮೇಡಂ ಬಂದು, "ಅವತ್ತು ತಂದೆಯ ವಿಷಯ ಕೇಳಿದಾಗ ಇದನ್ನ ಹೇಳಲೇ ಇಲ್ಲವಲ್ಲ" ಅಂದರು. "ಯಾಕೆ ಕೇಳಿದ್ರಿ ಅಂತ ಗೊತ್ತಾಗ್ಲಿಲ್ಲ ಮೇಡಂ" ಅಂದೆ. "ನಾನು ಎಲ್ಲರನ್ನೂ ಕೇಳ್ತೀನಿ." "ಆ ವೀಣೆಯವ್ರನ್ನೂ ಕೇಳಿದ್ರಾ?" ಅವರು "ಇಲ್ಲ" ಅಂದರು, ಮೆಲ್ಲಗೆ. ಆ ಹೆಂಗಸನ್ನು ನಾನು ಪೂರ್ತಿ ನಂಬಿಲ್ಲ ಅಪ್ಪ. ಆ ಒಂದು 'ಇಲ್ಲ'ವನ್ನು ಮಾತ್ರ ನಂಬುತ್ತೇನೆ.

ಊಟ ಎಲ್ಲಿ ಹಾಕಿದರು ಅಂತ ಕೇಳುತ್ತೀಯ, ಗೊತ್ತು. ಅಲ್ಲೇ ಶಾಮಿಯಾನದಲ್ಲಿ, ಒಂದೇ ಸಾಲು, ಸ್ಟೀಲ್ ತಟ್ಟೆ. ಉಂಡ ಮೇಲೆ ಎಲ್ಲರೂ ನಲ್ಲಿಯ ಹತ್ತಿರ ಹೋಗಿ ಅವರವರ ತಟ್ಟೆ ಅವರವರೇ ತೊಳೆದಿಟ್ಟರು, ರೂಪಾ ಮೇಡಂ ಕೂಡ, ನಿರೂಪಕಿ ಕೂಡ. ಫೋಟೊಗೆ ತೊಳೆಯುತ್ತಿದ್ದಾರೇನೋ ಅಂತ ಸುತ್ತ ನೋಡಿದೆ. ಕ್ಯಾಮೆರಾ ಯಾವುದೂ ಇರಲಿಲ್ಲ. ಇದಕ್ಕೆ ನಿನ್ನ ಪರೀಕ್ಷೆಯಲ್ಲಿ ಪಾಸೋ ಫೇಲೋ? ಮುಂದಿನ ಸಲ ಯಾರು ಕರೆದರೂ ಮೊದಲು ಅದನ್ನೇ ಕೇಳುತ್ತೇನೆ, ಮಾತು ಕೊಡುತ್ತೇನೆ. ಇನ್ನೊಂದು ಮಾತೂ ಕೊಡುತ್ತೇನೆ, ಆ ಸಾವಿನ ಹೊಡೆತ ಈ ಬಳೆಯ ಮೇಲೆ ಬೀಳುವುದಿಲ್ಲ.

ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವಳು ಕೇಳಲಿಲ್ಲ, ನಾನೇ ಎಲ್ಲ ಹೇಳಿದೆ. ಎದ್ದು ಹೋಗಲಿಲ್ಲ ಅಪ್ಪ. ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಕಡ್ಡಿ ಎತ್ತಿ ನಿಂತ ಕಡೆಗೆ ಬಂದಾಗ ಮಾತ್ರ ತಲೆ ಎತ್ತಿ ಕೇಳಿದಳು:

"ಕೊನೇದ್ನ ಒಡುದ್ಯಾ?"

"ಒಡ್ದೆ ಕಣವ್ವ. ನಿಂಗೆಂಗೆ ಗೊತ್ತು ಕೊನೇದು?"

"ಗೊತ್ತಿಲ್ದೆ? ಏರಿ ಮ್ಯಾಲಿಂದ ದಿನಾ ಕೇಳದು. ಅದು ಬಿದ್ಮ್ಯಾಲೇ ನಾನು ಒಲೆ ಹಚ್ಚಾದು. ಕಂಬಿ ಬುಟ್ಟು ನಿಮ್ಮಪ್ಪ ಮನೆ ಸೇರೋ ಒತ್ಗೆ ಕಾಪಿ ಬಿಸಿ ಇರ್ಬೇಕಲ್ಲ."

"ಅಪ್ಪಂಗೆ ಹೇಳಿದ್ಯಾ ಇದ್ನ?"

"ಅದ್ನೇನು ಏಳಾದು," ಅಂದು ಹುಣಸೆಹಣ್ಣಿನ ಕಡೆ ತಿರುಗಿದಳು.

ಹೇಳಿಲ್ಲವಂತೆ ಅಪ್ಪ. ಅದಕ್ಕೇ ಬರೆದೆ.

ನಿನ್ನ ಮಗಾ